ತಾತನ ಚೆಂಡಿನ ಇಂಗ್ಲಿಷ್

ನನಗೀಗ ಹದಿನೇಳು. ಪ್ಲಸ್ ಟೂ ಓದುತ್ತಿದ್ದೇನೆ, ಅಂದರೆ ಪುಸ್ತಕ ತೆರೆದು ಅದರ ಮೇಲೆ ಮಲಗುತ್ತಿದ್ದೇನೆ. ಈ ವಯಸ್ಸಿಗೇ ಬಾಲ್ಯದ ಕಥೆ ಬರೆಯುವುದು ಕೊಬ್ಬು ಅನ್ನುವವರು ಸೇಲಂನ ನಮ್ಮ ಮನೆಗೆ ಬಂದು ಒಂದು ವರ್ಷ ಇದ್ದು ನೋಡಲಿ. ಅಲ್ಲಿನ ಒಂದು ವರ್ಷ ಬೇರೆಯವರ ಮನೆಯ ನಾಲ್ಕಕ್ಕೆ ಸಮ. ಆ ಲೆಕ್ಕದಲ್ಲಿ ನನಗೆ ಅರವತ್ತು ದಾಟಿದೆ, ಮಂಡಿಯೂ ನೋಯುತ್ತದೆ. ಮಂಡಿ ನೋಯುವುದಕ್ಕೆ ಕಾರಣ ಚೆಂಡು. ನನ್ನ ಬಾಲ್ಯವನ್ನೆಲ್ಲ ಸೇರಿಸಿ ಹಿಂಡಿದರೆ ಕೆಳಗೆ ಬೀಳುವುದು ಒಂದು ಹಳದಿ ಉಣ್ಣೆಯ ಚೆಂಡು, ಅದರ ಹಿಂದೆ ಓಡುತ್ತಿರುವ ನಾನು, ನನ್ನ ಹಿಂದೆ ಇಂಗ್ಲಿಷಿನಲ್ಲಿ ಕೂಗುತ್ತಿರುವ ತಾತ.

ನಮ್ಮದು ಮನೆಯೊಳಗೆ ಕನ್ನಡ ಆಡುವ ನೇಯುವವರ ಬೀದಿ. ಮನೆ ಎಂದರೆ ರೈಲಿನ ಡಬ್ಬಿಗಳನ್ನು ಒಂದರ ಹಿಂದೆ ಒಂದು ಜೋಡಿಸಿದ ಹಾಗೆ: ಮುಂದೆ ಕೈಮಗ್ಗದ ಕೋಣೆ, ಆಮೇಲೆ ದೇವರ ಗೂಡಿನ ಪಡಸಾಲೆ, ಆಮೇಲೆ ಅಡುಗೆಮನೆ, ಕೊನೆಗೆ ಹಿತ್ತಲು. ಅಗಲ ಎಷ್ಟು ಕಡಿಮೆಯೆಂದರೆ ಎದುರುಬದುರು ಬಂದ ಇಬ್ಬರಲ್ಲಿ ಒಬ್ಬರು ದೇವರಿಗೆ ಕೈಮುಗಿಯುವ ನೆಪದಲ್ಲಿ ಗೋಡೆಗೆ ಒರಗಬೇಕು. ಅಮ್ಮನೂ ಅಜ್ಜಿಯೂ ಮುನಿಸಿಕೊಂಡ ದಿನಗಳಲ್ಲಿ ನಮ್ಮ ದೇವರಿಗೆ ಸಿಕ್ಕಷ್ಟು ನಮಸ್ಕಾರ ತಮಿಳುನಾಡಿನ ಯಾವ ದೇವರಿಗೂ ಸಿಕ್ಕಿರಲಾರದು. ಉದ್ದ ಮಾತ್ರ ಧಾರಾಳ. ನಾನು ಬೀದಿಬಾಗಿಲಲ್ಲಿ ಸೀನಿದರೆ ಹಿತ್ತಲಲ್ಲಿದ್ದ ಅಜ್ಜಿ ‘ನೂರು’ ಎಂದು ಹರಸುವ ಹೊತ್ತಿಗೆ ನನ್ನ ನೆಗಡಿ ವಾಸಿಯಾಗಿರುತ್ತಿತ್ತು. ಹಿತ್ತಲು ಹಾಗೆ ಉದ್ದವಿದ್ದದ್ದು ನೂಲಿಗಾಗಿ, ಅಲ್ಲಿ ಮಾತ್ರ ಅಗಲಕ್ಕೂ ಬರವಿರಲಿಲ್ಲ. ಮಗ್ಗಕ್ಕೆ ಏರಿಸುವ ಮೊದಲು ಉದ್ದೆಳೆಯ ನೂಲನ್ನೆಲ್ಲ ಎರಡು ತುದಿಯ ಗೂಟಗಳ ನಡುವೆ ಬಿಗಿಯಾಗಿ ಎಳೆದು ಕಟ್ಟಿ, ಗಂಜಿ ಹಚ್ಚಿ, ಬಾಚಿ, ಒಣಗಿಸಬೇಕು. ಅದಕ್ಕೆ ನಾವು ಪಾವು ಹಾಸುವುದು ಅನ್ನುತ್ತೇವೆ. ಬಿಸಿಲೇರುವ ಮೊದಲು ಆ ಕೆಲಸ ಮುಗಿಯುತ್ತಿತ್ತು. ಆಗ ನಿದ್ದೆಗಣ್ಣಲ್ಲಿ ಎದ್ದು ಬಚ್ಚಲಿಗೆ ಹೋಗಬೇಕಾದರೆ ಕಳ್ಳಬೆಕ್ಕಿನಂತೆ ನೂಲಿನಡಿ ನುಸುಳಬೇಕು. ನನ್ನ ತಲೆಗೂದಲು ಇವತ್ತಿಗೂ ಗಂಜಿ ಹಾಕಿದ ಹಾಗೆ ನಿಲ್ಲುವುದಕ್ಕೆ ಅದೇ ಕಾರಣ ಎಂದು ನನ್ನ ಖಚಿತ ಅಭಿಪ್ರಾಯ.

ಸಂಜೆ ಅದೇ ಹಿತ್ತಲು ಬೇರೆ ವೇಷ ಹಾಕುತ್ತಿತ್ತು. ನೂಲೆಲ್ಲ ಸುತ್ತಿ ಒಳಗಿಟ್ಟ ಮೇಲೆ ತಾತ ನಡುವೆ ಬಲೆ ಕಟ್ಟಿಸಿ, ಸುಣ್ಣದಲ್ಲಿ ಗೆರೆ ಎಳೆಸುತ್ತಿದ್ದರು. ಬಾಲ್ ಬ್ಯಾಡ್ಮಿಂಟನ್. ಟೀವಿಯಲ್ಲಿ ಬರುವ ಪುಕ್ಕದ ಶಟಲ್ ಆಟವಲ್ಲ ಅದು. ಅದರ ಬಡ ಅಣ್ಣ: ನಿಂಬೆಹಣ್ಣಿಗಿಂತ ಒಂದಿಷ್ಟು ದೊಡ್ಡ ಉಣ್ಣೆಯ ಚೆಂಡು, ಬ್ಯಾಟಿನಲ್ಲಿ ಹೊಡೆದು ಬಲೆ ದಾಟಿಸಬೇಕು, ನೆಲಕ್ಕೆ ಬಿದ್ದರೆ ಮುಗಿಯಿತು. ಹಿಂದಿನ ಗೆರೆ ಎಲ್ಲಿ ಬರಬೇಕೆಂಬ ಬಗ್ಗೆ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಪಾವಿನ ಗೂಟ ಎಲ್ಲಿದೆಯೋ ಅಲ್ಲಿ ಗೆರೆ, ಆ ಕಡೆಗೊಂದು, ಈ ಕಡೆಗೊಂದು. ಅಪ್ಪ ಹುಟ್ಟುವ ಮೊದಲಿಂದ ಹಾಗೇ ಇತ್ತಂತೆ.

ತಾತ ಆಡುತ್ತಿರಲಿಲ್ಲ. ಬಲೆಯ ಪಕ್ಕ ಒಂದು ಒರಳುಕಲ್ಲಿನ ಮೇಲೆ ಕೂತು ತೀರ್ಪು ಕೊಡುತ್ತಿದ್ದರು, ಅದೂ ಇಂಗ್ಲಿಷಿನಲ್ಲಿ. ಅವರು ಶಾಲೆಗೆ ಹೋದ ನಾಲ್ಕಾರು ವರ್ಷಗಳಲ್ಲಿ ಅಲ್ಲೊಬ್ಬ ಡ್ರಿಲ್ ಮಾಸ್ತರು ಇದ್ದರಂತೆ. ಆ ಮಾಸ್ತರು ಯಾವುದೋ ಕಾಲದ ಯಾರೋ ಬಿಳಿಯ ದೊರೆಯಿಂದ ಕಲಿತ ಆಟದ ಮಾತುಗಳನ್ನು ಮಂತ್ರ ಕೊಟ್ಟ ಹಾಗೆ ತಾತನಿಗೆ ಕೊಟ್ಟು ಸತ್ತರು. ಆಟ ಶುರುವಾಗುವಾಗ ‘ಲವ್ ಆಲ್’ ಅನ್ನಬೇಕು, ಎರಡೂ ಕಡೆ ಸೊನ್ನೆ ಎಂದರ್ಥ. ಚೆಂಡು ಕೊಡುವ ಸರದಿ ಕಳೆದುಕೊಂಡವನಿಗೆ ‘ಹ್ಯಾಂಡ್ ಔಟ್’. ತಕರಾರಾಗಿ ಅದೇ ಚೆಂಡನ್ನು ಮತ್ತೆ ಮೊದಲಿನಿಂದ ಆಡಬೇಕಾದರೆ ‘ಲೆಟ್’. ಮೂರು ಆಟಗಳ ಪೂರ್ತಿ ಪಂದ್ಯಕ್ಕೆ ‘ರಬ್ಬರ್’. ಈಗಿನ ಪೀಟಿ ಸಾರುಗಳಿಗೆ ಇದರಲ್ಲಿ ಅರ್ಧ ಗೊತ್ತಿಲ್ಲ. ಅವರು ಪೀಪಿ ಊದಿ ಕೈ ತೋರಿಸುತ್ತಾರೆ, ಟ್ರಾಫಿಕ್ ಪೊಲೀಸರ ಹಾಗೆ. ನಾನು ಮೂರನೇ ಕ್ಲಾಸಿನಲ್ಲಿರುವಾಗ ನಮ್ಮ ತಾತನಿಗೆ ಇಂಗ್ಲಿಷ್ ಬರುತ್ತದೆ ಎಂದು ಇಡೀ ಶಾಲೆಗೆ ಸಾರಿ, ಅದರ ಮೇಲೆ ಎಷ್ಟೋ ಕಡಲೆಮಿಠಾಯಿ ಸಂಪಾದಿಸಿದ್ದೆ. ಒಂದು ದಿನ ಗೆಳತಿಯ ಅಪ್ಪ ಮಾತ್ರೆ ಡಬ್ಬಿ ಹಿಡಿದುಕೊಂಡು ಬಂದು, ಇದರಲ್ಲಿ ಏನು ಬರೆದಿದೆ, ಊಟಕ್ಕೆ ಮೊದಲೋ ಆಮೇಲೋ ಎಂದು ಕೇಳಿಬಿಟ್ಟರು. ತಾತ ಡಬ್ಬಿಯನ್ನು ಬಹಳ ಗಂಭೀರವಾಗಿ ತಿರುಗಿಸಿ ನೋಡಿ, ಹಿಂದಕ್ಕೆ ಕೊಟ್ಟು, ಡಾಕ್ಟರನ್ನೇ ಕೇಳುವುದು ಒಳ್ಳೆಯದು ಅಂದರು. ಅವರಿಗೆ ಬರುತ್ತಿದ್ದ ಇಂಗ್ಲಿಷೆಲ್ಲ ಚೆಂಡಿನ ಸುತ್ತಲೇ ಇತ್ತು. ಚೆಂಡಿನಿಂದಾಚೆ ಒಂದಕ್ಷರ ಇರಲಿಲ್ಲ.

ಆದರೆ ಆ ಒಂದು ಹಿಡಿ ಮಾತಿನಲ್ಲೇ ಅವರು ಮನೆಯನ್ನು ಆಳುತ್ತಿದ್ದರು. ಬೆಳಿಗ್ಗೆ ಮೊದಲ ದೋಸೆ ತಟ್ಟೆಗೆ ಬಿದ್ದೊಡನೆ ‘ಲವ್ ಆಲ್’. ಅಂದರೆ ನಿನ್ನೆಯ ಜಗಳದಲ್ಲಿ ಯಾರು ಎಷ್ಟೇ ಗೆದ್ದಿರಲಿ, ಇವತ್ತು ಎಲ್ಲರೂ ಸೊನ್ನೆಯಿಂದ ಶುರು ಮಾಡಬೇಕು. ಅಮ್ಮ ಅದನ್ನು ಮದುವೆಯಾದ ಹೊಸದರಲ್ಲಿ ಏನೋ ದೇವರ ಸ್ತೋತ್ರವೆಂದು ತಿಳಿದು ಕೆನ್ನೆ ಬಡಿದುಕೊಳ್ಳುತ್ತಿದ್ದಳಂತೆ. ಅಡುಗೆಮನೆಯಲ್ಲಿ ಯಾರದೋ ಸಾರು ಕೆಟ್ಟರೆ ‘ಹ್ಯಾಂಡ್ ಔಟ್’, ಮರುದಿನ ಸೌಟು ಇನ್ನೊಬ್ಬರ ಕೈಗೆ. ಎಲ್ಲಕ್ಕಿಂತ ಭಯಂಕರವಾದದ್ದು ‘ಲೆಟ್’. ಅಮ್ಮನೂ ಅಜ್ಜಿಯೂ ಒಂದು ಸಲ ಹುಣಸೆಹಣ್ಣಿನ ಮಡಕೆ ಮುಚ್ಚದೆ ಬಿಟ್ಟವರು ಯಾರು ಎಂಬಲ್ಲಿ ಶುರು ಮಾಡಿ, ಮದುವೆಯಲ್ಲಿ ಕೊಟ್ಟ ಸೀರೆಯ ಅಂಚಿನವರೆಗೆ ತಲುಪಿದ್ದರು. ಆಗ ತಾತ ಮಗ್ಗದ ಕುಳಿಯಿಂದಲೇ ‘ಲೆಟ್’ ಎಂದು ಕೂಗಿದರು. ಜಗಳವನ್ನು ಮತ್ತೆ ಹುಣಸೆಹಣ್ಣಿನಿಂದ ಆಡಿಕೊಂಡು ಬರಬೇಕು, ನಡುವಿನಿಂದ ಎತ್ತಿಕೊಳ್ಳುವ ಹಾಗಿಲ್ಲ. ಇಬ್ಬರೂ ಒಂದು ಕ್ಷಣ ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟು ದೂರ ಮತ್ತೆ ನಡೆಯುವ ಶಕ್ತಿ ಯಾರಿಗಿದೆ? ಅಜ್ಜಿ ಹೋಗಿ ರಾಟೆ ಮುಂದೆ ಕೂತಳು, ಅಮ್ಮ ಮಡಕೆ ಮುಚ್ಚಿದಳು. ನಮ್ಮ ಮನೆಯಲ್ಲಿ ಶಾಂತಿ ಎನ್ನುವುದು ಹೀಗೆ ಬರೀ ಸುಸ್ತಿನಿಂದ ಬರುತ್ತಿತ್ತು.

ತಾತನ ಮಾತುಗಳನ್ನು ಮನಸ್ಸಿಟ್ಟು ಕೇಳುತ್ತಿದ್ದವಳು ಒಬ್ಬಳೇ, ಅಪ್ಪನ ತಂಗಿ ಗಿರಿಜತ್ತೆ. ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಮಗ್ಗಕ್ಕೆ ಕೂತವಳು. ಹಗಲೆಲ್ಲ ನೇಯ್ದು ಸಂಜೆ ಬ್ಯಾಟು ಹಿಡಿದರೆ ಅವಳ ಮುಖ ಬೇರೆಯಾಗುತ್ತಿತ್ತು. ಅವಳ ವಿಶೇಷ ಉದ್ದದ ಹೊಡೆತ. ಎದುರು ಕಡೆ ನಿಂತವರ ತಲೆಯ ಮೇಲಿಂದ ಹೋದ ಚೆಂಡು ಹಿಂದಿನ ಗೆರೆಗೆ ಒಂದು ಗೇಣು ಮುಂಚೆ ಸುಸ್ತಾದ ಹಾಗೆ ಇಳಿಯುತ್ತಿತ್ತು. ಹತ್ತಕ್ಕೆ ಹತ್ತೂ ಹಾಗೇ. ಬೀದಿಯ ಗಂಡಸರು ಬಂದು ಆಡಿ, ಸೋತು, ಮನೆಗೆ ಹೋಗಿ ಸೊಂಟ ಹಿಡಿದಿದೆ ಎಂದು ಹೇಳಿಕೊಳ್ಳುತ್ತಿದ್ದರು. ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷದ ಪೊಂಗಲ್ ಆಟದಲ್ಲಿ ಅವಳನ್ನು ನೋಡಿದ ಒಬ್ಬ ಪೀಟಿ ಟೀಚರಮ್ಮ ಝೋನ್ ಟೀಮಿನ ಸೆಲೆಕ್ಷನ್‌ಗೆ ಹೆಸರು ಕೊಟ್ಟರು. ಆ ಆಟ ಬೀದಿಯಲ್ಲಿ ನಡೆದದ್ದು. ಅಲ್ಲಿ ಗೆರೆ ಎಂಬುದೇ ಇರಲಿಲ್ಲ, ಚರಂಡಿಗೆ ಬಿದ್ದರೆ ಔಟು.

ಅದೇ ಹೊತ್ತಿಗೆ ಅಪ್ಪ ಹಿತ್ತಲಿನ ಮೇಲೆ ಕಣ್ಣು ಹಾಕಿದ್ದರು. ರಾತ್ರಿ ಊಟಕ್ಕೆ ಕೂತಾಗಲೆಲ್ಲ ಕೈಮಗ್ಗದ ಕಾಲ ಮುಗಿಯಿತು ಎಂದು ಶುರು ಮಾಡುತ್ತಿದ್ದರು. ಅಪ್ಪನಿಗೆ ಆಗಲೇ ಬೆನ್ನು ಬಗ್ಗಿತ್ತು. ದಿನವೆಲ್ಲ ಕುಳಿಯಲ್ಲಿ ಕಾಲಿಳಿಬಿಟ್ಟು ತುಳಿದು ಎದ್ದಾಗ ಅವರು ನೆಟ್ಟಗಾಗುವುದನ್ನು ನೋಡುವುದೇ ಒಂದು ಕೆಲಸ, ಮಡಚುವ ಕುರ್ಚಿಯನ್ನು ಬಿಡಿಸಿದ ಹಾಗೆ ಒಂದೊಂದೇ ಕೀಲು ತೆರೆಯುತ್ತಿತ್ತು. ಒಂದು ದಿನ ಎಲ್ಲರ ತಟ್ಟೆಗೂ ಮೊಸರನ್ನ ಬಿದ್ದ ಮೇಲೆ ಮಾತು ಮುಗಿಸಿಯೇ ಬಿಡುವ ಹಾಗೆ ಕೂತರು.

“ಹಿತ್ಲಾಗೆ ಶೆಡ್ ಹಾಕಿ ಎಲ್ಡು ಪವರ್ ಲೂಮ್ ಇಡಾನ ಅಪ್ಪಾ. ನೂಲು ಬೀಮಿನ ಉರುಳೆಗೇ ಸುತ್ಕೊಂಡು ರೆಡಿಯಾಗಿ ಬತ್ತೈತೆ, ಪಾವು ಹಾಸೋ ಕೆಲ್ಸಾನೇ ಇಲ್ಲ. ನನ್ ಬೆನ್ನು ಇನ್ನೆಷ್ಟು ದಿನ ತಡ್ಕೊಂತದೆ?”

“ಕೋರ್ಟು?” ಅಂದರು ತಾತ.

“ಕೋರ್ಟಿಂದ ಅನ್ನ ಬತ್ತೈತಾ?”

ತಾತ ಕಲಸಿದ ಮೊಸರನ್ನವನ್ನೇ ಮತ್ತೆ ಕಲಸಿದರು. ಅಪ್ಪನ ಬೆನ್ನಿನ ಮಾತು ಸುಳ್ಳಲ್ಲ ಎಂದು ಅವರಿಗೂ ಗೊತ್ತಿತ್ತು. ಆಗ ಅತ್ತೆ ಬಾಯಿ ಬಿಟ್ಟಳು. ಊಟದ ಹೊತ್ತಿನಲ್ಲಿ ಅವಳು ಮಾತಾಡುವುದು ಅಪರೂಪ, ಹಾಗಾಗಿ ಎಲ್ಲರ ಕೈಯೂ ನಿಂತಿತು.

“ಅಣ್ಣಾ, ಸೆಲೆಕ್ಷನ್ ಆಗೋಗ್ಲಿ. ನಾನು ಟೀಮ್‌ಗೆ ಬಂದ್ರೆ ಹಿತ್ಲು ಹಿಂಗೇ ಇರ್ಲಿ. ಬರ್ಲಿಲ್ಲಾಂದ್ರೆ ನಾಳೇನೇ ಗಾರೆಯವ್ನ ಕರ್ಕೊಂಡು ಬಾ, ನಾನೊಂದ್ ಮಾತೂ ಆಡಲ್ಲ.”

ಅಪ್ಪ ಒಪ್ಪಿದರು. ಅವರ ಮುಖ ನೋಡಿದರೆ ತಂಗಿ ಗೆಲ್ಲಲಿ ಎಂದು ಅರ್ಧ ಬಾಯಿ, ಸೋಲಲಿ ಎಂದು ಅರ್ಧ ಬಾಯಿ ಬೇಡಿಕೊಳ್ಳುತ್ತಿರುವಂತಿತ್ತು. ಆ ದಿನದಿಂದ ಅತ್ತೆಗೆ ಬೇಕಾದದ್ದು ಒಂದೇ, ಆ ಟೀಮಿನಲ್ಲಿ ಒಂದು ಜಾಗ. ಅದು ಸಿಕ್ಕರೆ ಸಂಜೆಗಳು ಉಳಿಯುತ್ತವೆ, ಇಲ್ಲವಾದರೆ ಹಗಲು ಮಗ್ಗ, ಸಂಜೆ ಗೋಡೆ.

ಸೆಲೆಕ್ಷನ್ ಧರ್ಮಪುರಿಯ ಒಂದು ಶಾಲೆಯ ಮೈದಾನದಲ್ಲಿ, ಶನಿವಾರ ಮತ್ತು ಭಾನುವಾರ. ತಾತ, ಅತ್ತೆ, ನಾನು ಬಸ್ಸು ಹತ್ತಿದೆವು. ಚೆಂಡು ಹೆಕ್ಕಲು ನನಗಿಂತ ಅನುಭವಿ ಸೇಲಂನಲ್ಲಿ ಇಲ್ಲ ಎಂದು ವಾದಿಸಿ ನಾನು ಜಾಗ ಗಿಟ್ಟಿಸಿದ್ದೆ. ಅಜ್ಜಿ ಕಟ್ಟಿಕೊಟ್ಟ ಹುಳಿಯನ್ನವನ್ನು ತೊಪ್ಪೂರು ಘಾಟ್ ಬರುವ ಮೊದಲೇ ಮುಗಿಸಿ, ಘಾಟಿನ ತಿರುವುಗಳಲ್ಲಿ ಅದರಲ್ಲಿ ಬಹುಪಾಲನ್ನು ಹಿಂದಿರುಗಿಸಿದೆ. ತಾತ ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ನಮ್ಮ ಮದುವೆಗೂ ಇಷ್ಟು ಬಿಳಿ ಹಾಕಿರಲಿಲ್ಲ ಎಂದು ಅಜ್ಜಿ ಬೀದಿಯವರೆಗೂ ಬಂದು ಗೊಣಗಿದ್ದಳು.

ಆಟ ಶುರುವಾದ ಮೇಲೆ ನಡೆದದ್ದು ನನಗೆ ಇವತ್ತಿಗೂ ಸರಿಯಾಗಿ ಅರಗಿಲ್ಲ. ಅತ್ತೆಯ ಮೊದಲ ಉದ್ದದ ಹೊಡೆತ ಎಂದಿನ ಹಾಗೆ ಹಾರಿತು, ಎಂದಿನ ಹಾಗೆ ಸುಸ್ತಾಗಿ ಇಳಿಯಿತು, ಗೆರೆಯಿಂದ ಎಷ್ಟೋ ಆಚೆ. ಪೀಪಿ. ಔಟ್. ಎರಡನೆಯದೂ ಅಲ್ಲೇ. ಮೂರನೆಯದಕ್ಕೆ ಅತ್ತೆ ತನ್ನ ಬ್ಯಾಟನ್ನೇ ತಿರುಗಿಸಿ ನೋಡಿದಳು, ಯಾರೋ ಬದಲಾಯಿಸಿದ್ದಾರೆ ಎನ್ನುವಂತೆ. ಮಧ್ಯಾಹ್ನದವರೆಗೂ ಹೀಗೆಯೇ. ತಾತ ಬೇಲಿಯ ಪಕ್ಕ ನಿಂತು ಪ್ರತಿ ಚೆಂಡಿಗೂ ಗಟ್ಟಿಯಾಗಿ ‘ಹ್ಯಾಂಡ್ ಔಟ್’, ‘ಲೆಟ್’ ಎಂದು ಕೂಗುತ್ತಿದ್ದರು. ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದರು. ಸೆಲೆಕ್ಟರ್‌ಗಳ ನಡುವೆ ಬಿಳಿ ಟೋಪಿ ಹಾಕಿದ್ದ ವಯಸ್ಸಾದವರೊಬ್ಬರು ಮಾತ್ರ ನಗದೆ, ಆಗಾಗ ತಿರುಗಿ ತಾತನನ್ನು ನೋಡುತ್ತಿದ್ದರು. ಕೊನೆಗೆ ತಾತ ತಡೆಯಲಾರದೆ ಒಳಗೆ ನುಗ್ಗಿ, ಕೋರ್ಟನ್ನು ಗಿಡ್ಡ ಎಳೆದಿದ್ದೀರಿ, ಟೇಪು ತನ್ನಿ ಎಂದು ಹಟ ಹಿಡಿದರು. ಆ ಟೋಪಿಯ ಸಾರ್ ಟೇಪು ತರಿಸಿ ಅಳೆಸಿಯೇ ಬಿಟ್ಟರು. ಕೂದಲಿನಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ತಾತ ಆ ಟೇಪನ್ನು ಮಾತ್ರೆ ಡಬ್ಬಿಯನ್ನು ನೋಡಿದ ಹಾಗೆ ನೋಡುತ್ತ ನಿಂತರು.

ಅತ್ತೆ ಆಗ ಮಾಡಿದ ಕೆಲಸವನ್ನು ನೇಯುವವರಲ್ಲದೆ ಬೇರೆಯವರು ಮಾಡುವುದಿಲ್ಲ. ತನ್ನ ಬ್ಯಾಟಿನ ಹಿಡಿಗೆ ಸುತ್ತಿದ್ದ ನೂಲನ್ನು ಬಿಚ್ಚಿ, ಒಂದು ತುದಿ ನನ್ನ ಕೈಗೆ ಕೊಟ್ಟು ಹಿಂದಿನ ಗೆರೆಯ ಮೇಲೆ ಕೂರಿಸಿದಳು. ಇನ್ನೊಂದು ತುದಿ ಹಿಡಿದು ಕೋರ್ಟಿನ ಉದ್ದಕ್ಕೂ ನಡೆದು, ಆ ಕಡೆಯ ಗೆರೆ ಮುಟ್ಟಿದಲ್ಲಿ ಹಲ್ಲಿನಿಂದ ಕಡಿದಳು. ಆ ನೂಲನ್ನು ಮುಷ್ಟಿಗೆ ಸುತ್ತಿಕೊಂಡು ಬಸ್ಸು ಹತ್ತಿದಳು. ಸೇಲಂವರೆಗೂ ಮುಷ್ಟಿ ಬಿಡಿಸಲಿಲ್ಲ.

ಮನೆ ಸೇರಿದಾಗ ಇನ್ನೂ ಬೆಳಕಿತ್ತು. ಅತ್ತೆ ಕಾಲು ತೊಳೆಯದೆ ನೇರ ಹಿತ್ತಲಿಗೆ ಹೋಗಿ ನೂಲಿನ ಒಂದು ತುದಿಯನ್ನು ಪಾವಿನ ಗೂಟಕ್ಕೆ ಕಟ್ಟಿ, ಎಳೆದುಕೊಂಡು ಆ ತುದಿಗೆ ನಡೆದಳು. ನೂಲು ಮುಗಿಯಿತು, ಗೂಟ ಬರಲಿಲ್ಲ. ನಾನು ನೆಲದಲ್ಲಿ ಉದ್ದಕ್ಕೆ ಮಲಗಿ ತೋರಿಸಿದೆ: ನೂಲು ಮುಗಿದಲ್ಲಿಂದ ನನ್ನ ಪೂರ್ತಿ ಉದ್ದ, ನನ್ನ ತಲೆಯಾಚೆ ಇನ್ನೊಬ್ಬ ನಾನು. ಅಷ್ಟು ಹೆಚ್ಚು. ನಮ್ಮ ಕೋರ್ಟು ಕೋರ್ಟೇ ಅಲ್ಲ, ಒಂದು ಪಾವಿನ ಉದ್ದ. ಬಲೆ ನಡುವೆ ಇದ್ದದ್ದರಿಂದ ಅರ್ಧ ಈ ಕಡೆ, ಅರ್ಧ ಆ ಕಡೆ ಹಂಚಿಹೋಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅತ್ತೆಯ ಕೈ ಇಷ್ಟು ವರ್ಷ ಸೀರೆಯ ಅಳತೆಗೆ ಚೆಂಡು ಹೊಡೆದಿತ್ತು. ಅಮ್ಮ, ಅಪ್ಪ, ಅಜ್ಜಿ ಎಲ್ಲ ಬಂದು ನಿಂತರು. ಮೊದಲು ಮಾತಾಡಿದ್ದು ಅಜ್ಜಿ, ಅದೂ ನೆಲ ನೋಡಿಕೊಂಡು.

“ನಾನೇ ಏಳಿದ್ದು. ಮದ್ವೆ ಆಗಿ ಒಸ್ದಾಗಿ ಬಂದಿದ್ದೆ. ಕೋರ್ಟ್‌ಗೇ ಅಂತ ಇತ್ಲ ತುಂಬಾ ಬೇರೆ ಗೂಟ ನೆಟ್ರೆ ಬಟ್ಟೆ ಒಣಾಕೋಳ್ಗೆ ಕಾಲು ಮುರೀತೈತೆ, ಇರೋ ಗೂಟ್ವೇ ಸಾಕು ಅಂದೆ.”

ಎಲ್ಲರೂ ತಾತನ ಕಡೆ ತಿರುಗಿದೆವು. ಅವರು ಬಿಳಿ ಅಂಗಿಯ ತೋಳು ಮಡಿಸುತ್ತ, ಬಿಡಿಸುತ್ತ ಇದ್ದರು.

“ಆಗ ಗೊತ್ತಿತ್ತು ನಂಗೆ, ಉದ್ದ ಐತೆ ಅಂತ. ಸಣ್ಣ್‌ದ್ರಲ್ಲಿ ಯಾಕ್ ಜಗಳ ಅಂತ ಬಿಟ್ಟೆ. ಅಪ್ಪುರಂ, ಆಮೇಲಾಮೇಲೆ, ಇದೇ ಸರಿಯಾದ ಅಳ್ತೆ ಅಂತ ನಾನೇ ನಂಬ್ಕೊಂಬಿಟ್ಟೆ ಕಣಮ್ಮ.”

ಯಾರಾದರೂ ಕೂಗಾಡುತ್ತಾರೆ ಎಂದು ನಾನು ಆಸೆಯಿಂದ ಕಾದೆ. ಅಪ್ಪ ಒಳಗೆ ಹೋದರು. ಅತ್ತೆ ನೂಲನ್ನು ಮತ್ತೆ ಸುತ್ತುತ್ತಲೇ ಯೋಚಿಸಿದಳು, ನೂಲಿನ ಅಳತೆಗೆ ಹೊಸ ಗೆರೆ ಎಳೆದು ಹೊಡೆದು ನೋಡಿದಳು. ಎಂಟೋ ಹತ್ತೋ ಚೆಂಡು, ಎಲ್ಲ ಹಳೆಯ ಜಾಗಕ್ಕೇ ಹೋದವು. ಮೆಲ್ಲಗೆ ಹೊಡೆದರೆ ಬಲೆಗೆ ಸಿಕ್ಕಿದವು. ಕೈ ಕೇಳುವುದಿಲ್ಲ ಅಂದಳು. ಕೈ ಬದಲಾಗದಿದ್ದರೆ ಕಾಲಾದರೂ ಬದಲಾಗಲಿ, ಎಷ್ಟು ಹೆಚ್ಚೋ ಅಷ್ಟು ಹಿಂದೆ ನಿಂತು ಹೊಡೆಯುತ್ತೇನೆ ಅಂದಳು. ತಾತ ಅದು ಒಳ್ಳೆಯ ಉಪಾಯ ಎಂದು ತಲೆಯಾಡಿಸಿದರು. ಎದುರಿನವರು ಬಲೆಯ ಪಕ್ಕದಲ್ಲೇ ಚೆಂಡು ಇಳಿಸಿದರೆ ಏನು ಗತಿ ಎಂದು ನಾನು ಕೇಳಿದ್ದಕ್ಕೆ ಅಮ್ಮ ನನ್ನನ್ನು ಮಲಗಲು ಕಳಿಸಿದಳು.

ಭಾನುವಾರ ನಾನು ಹೇಳಿದ್ದೇ ಆಯಿತು, ಆದರೆ ಅತ್ತೆ ಓಡಿದಳು. ಗೆರೆಯ ಹಿಂದಿನಿಂದ ಬಲೆಯವರೆಗೆ, ಬಲೆಯಿಂದ ಮತ್ತೆ ಹಿಂದಕ್ಕೆ. ಅಷ್ಟು ಓಡಿದ್ದರೆ ಬಸ್ಸಿನ ಖರ್ಚಿಲ್ಲದೆ ಸೇಲಂ ಸೇರಬಹುದಿತ್ತು. ಉದ್ದದ ಹೊಡೆತಗಳು ಈಗ ಗೆರೆಯೊಳಗೇ ಬೀಳುತ್ತಿದ್ದವು, ಟೋಪಿಯ ಸಾರ್ ಮುಂದಕ್ಕೆ ಬಗ್ಗಿ ಕೂತಿದ್ದರು. ಸಂಜೆ ಹೊತ್ತಿಗೆ ಟೀಮಿನಲ್ಲಿ ಹಿಂದೆ ಆಡುವವಳ ಜಾಗ ಒಂದೇ ಉಳಿಯಿತು. ಅದಕ್ಕೆ ಇಬ್ಬರು: ಅತ್ತೆ ಮತ್ತು ಕಂಬೈನಲ್ಲೂರಿನ ಒಬ್ಬಳು ಎತ್ತರದ ಹುಡುಗಿ. ಇಬ್ಬರನ್ನೂ ಎದುರುಬದುರು ತಂಡಗಳಿಗೆ ಹಾಕಿ ಆಡಿಸಿ, ಗೆದ್ದ ಕಡೆಯವಳಿಗೆ ಜಾಗ ಎಂದರು. ಆಟ ಎಳೆದು ಎಳೆದು ಸಮಕ್ಕೆ ಬಂತು, ಕೊನೆಗೆ ಒಂದೇ ಚೆಂಡಿಗೆ ನಿಂತಿತು. ಗೆರೆ ಕಾಯಬೇಕಾದ ಹುಡುಗ ಆ ಹೊತ್ತಿಗೆ ಸರಿಯಾಗಿ ಟೀ ಕುಡಿಯಲು ಹೋಗಿದ್ದ. ಅತ್ತೆ ಆ ತುದಿಯ ಮೂಲೆಗೆ ಹೊಡೆದಳು. ತಾತನೂ ನಾನೂ ಕೂತಿದ್ದದ್ದು ಅದೇ ಮೂಲೆಯಲ್ಲಿ. ಚೆಂಡು ನನ್ನ ಕಾಲಿನ ಹೆಬ್ಬೆರಳಿನಿಂದ ಒಂದು ಮೊಳ ದೂರದಲ್ಲಿ ಬಿದ್ದಿತು. ಎತ್ತರದ ಹುಡುಗಿ ಕೈಚೆಲ್ಲಿ ನಿಂತಳು, ಅತ್ತೆಯ ಕಡೆಯವರು ಕುಣಿಯತೊಡಗಿದರು. ಅಂಪೈರಿಗೆ ಕಾಣಲಿಲ್ಲ. ಅವರು ಟೋಪಿಯ ಸಾರ್ ಮುಖ ನೋಡಿದರು. ಟೋಪಿಯ ಸಾರ್ ಎದ್ದು ಬಂದು, ಬೇರೆ ಯಾರನ್ನೂ ಕೇಳದೆ ತಾತನನ್ನು ಕೇಳಿದರು.

“ಅಯ್ಯಾ, ನೀಂಗ ಸೊಲ್ಲುಂಗ. ಉಳ್ಳೆಯಾ, ವೆಳಿಯೆಯಾ?”

ಒಳಗೋ ಹೊರಗೋ, ನೀವೇ ಹೇಳಿ. ಕೇಳಿದವರಿಗೆ ತಾತ ಯಾರ ಅಪ್ಪ ಎಂದು ಚೆನ್ನಾಗಿ ಗೊತ್ತಿತ್ತು. ನಾನು ನೆಲ ನೋಡಿದೆ. ಸುಣ್ಣದ ಗೆರೆ ಪುಡಿ ಕದಲದೆ ಹಾಗೇ ಇತ್ತು. ಅದರಾಚೆ, ಎರಡು ಬೆರಳು ದೂರದ ಮಣ್ಣಿನಲ್ಲಿ ಚೆಂಡಿನ ಗುರುತು ಇತ್ತು. ನಾನು ಕಾಲು ಚಾಚಿ ಅದನ್ನು ಅಳಿಸಿಬಿಡಬಹುದಿತ್ತು, ಕಾಲು ನನ್ನ ಮಾತು ಕೇಳುವ ಮೊದಲೇ ತಾತ ಎದ್ದು ನಿಂತರು. ಅವರ ಹಳೆಯ ಇಂಗ್ಲಿಷಿನಲ್ಲಿ ಇದಕ್ಕೆ ಏನೇನು ಮಾತಿತ್ತೋ. ಎಲ್ಲರಿಗೂ ಅರ್ಥವಾಗುವ ಮಾತನ್ನೇ ಹೇಳಿದರು.

“ಔಟ್.”

ಅತ್ತೆ ಬಲೆಯ ಕೆಳಗೆ ಬಗ್ಗಿ ಆ ಕಡೆ ಹೋಗಿ ಕಂಬೈನಲ್ಲೂರಿನ ಹುಡುಗಿಯ ಕೈ ಕುಲುಕಿದಳು, ಹಿಂದಿರುಗಿ ಬಂದು ಬ್ಯಾಟನ್ನು ಚೀಲಕ್ಕೆ ಹಾಕಿದಳು. ಅಷ್ಟರಲ್ಲಿ ಟೋಪಿಯ ಸಾರ್ ತಾತನ ಭುಜ ಹಿಡಿದು ಪಕ್ಕಕ್ಕೆ ಕರೆದೊಯ್ದಿದ್ದರು. ‘ಹ್ಯಾಂಡ್ ಔಟ್’ ಎಂಬ ಮಾತನ್ನು ಹುಡುಗಪ್ರಾಯದಲ್ಲಿ ಕೇಳಿದ್ದಂತೆ, ಪಂದ್ಯಕ್ಕೆ ‘ರಬ್ಬರ್’ ಎಂದು ಅನ್ನುವವರು ಇನ್ನೂ ಬದುಕಿದ್ದಾರೆಂದು ಗೊತ್ತಿರಲಿಲ್ಲವಂತೆ. ಇಬ್ಬರು ಮುದುಕರೂ ಮರದ ಕೆಳಗೆ ನಿಂತು, ಕಳೆದುಹೋದ ನೆಂಟರ ಹೆಸರು ಹೇಳಿಕೊಳ್ಳುವ ಹಾಗೆ ಒಂದೊಂದೇ ಮಾತು ಹೇಳಿಕೊಂಡರು. ಕೊನೆಗೆ ಸಾರ್ ಕೇಳಿದ್ದು ಇಷ್ಟು: ಮಧುರೆಗೆ ಟೀಮ್ ಹೋಗುವಾಗ ಗೆರೆ ಕಾಯುವುದಕ್ಕೆ ಒಬ್ಬರು ಬೇಕು, ಸ್ವಂತ ಮಗಳಿಗೆ ಔಟ್ ಕೊಡುವವರು ಮತ್ತೆಲ್ಲಿ ಸಿಗುತ್ತಾರೆ, ನೀವು ಬರಬೇಕು. ಅಂದರೆ ನಮ್ಮ ಮನೆಯಿಂದ ಸೆಲೆಕ್ಟ್ ಆದದ್ದು ತಾತ. ಬೇರೆ ದಿನವಾಗಿದ್ದರೆ ನಕ್ಕು ನಕ್ಕು ಸಾಯುತ್ತಿದ್ದೆ, ಆದರೆ ಬಸ್ ಸ್ಟ್ಯಾಂಡಿಗೆ ನಡೆಯುವಾಗ ಅತ್ತೆಯ ಬೆನ್ನು ನೋಡಿ ನಗು ಬರಲಿಲ್ಲ.

ಬಸ್ಸು ಖಾಲಿಯಿತ್ತು. ಅತ್ತೆ ಕಿಟಕಿಯ ಪಕ್ಕ ಕೂತಳು, ನಾನು ಅವಳ ಹಿಂದಿನ ಸೀಟಿನಲ್ಲಿ. ಅಷ್ಟೊಂದು ಸೀಟು ಬಿಟ್ಟು ತಾತ ಕಂಬಿ ಹಿಡಿದು ನಿಂತೇ ಇದ್ದರು. ಕಂಡಕ್ಟರ್ ಎರಡು ಸಲ ಹೇಳಿದ, ಕೇಳಲಿಲ್ಲ. ಊರಾಚೆ ಬಂದ ಮೇಲೆ ಅತ್ತೆ ಕಿಟಕಿಯಿಂದ ಮುಖ ತಿರುಗಿಸದೆ ಅಂದಳು:

“ಕೂತ್ಕೋ ಅಪ್ಪಾ. ನಾನೂ ನೋಡ್ದೆ. ಸುಣ್ಣ ಅಳ್ಳಾಡ್ಲಿಲ್ಲ.”

ತಾತ ಕೂತರು. ಘಾಟು ಇಳಿಯುವವರೆಗೂ ಇಬ್ಬರ ಭುಜಗಳೂ ಪ್ರತಿ ತಿರುವಿಗೂ ಒಟ್ಟೊಟ್ಟಿಗೆ ವಾಲುತ್ತಿದ್ದವು.

ಮನೆಯಲ್ಲಿ ಅಪ್ಪ ಗೆದ್ದವರ ಹಾಗೆ ಇರಲಿಲ್ಲ. ಎರಡು ದಿನ ಹಿತ್ತಲಿನ ಕಡೆ ಹೋಗಲೂ ಇಲ್ಲ. ತಾತ ಮಧುರೆಗೆ ಹೋಗುವುದಿಲ್ಲ ಎಂದು ಹಟ ಹಿಡಿದರು, ಹೊಟ್ಟೆ ಸರಿಯಿಲ್ಲ ಅಂದರು, ಅಲ್ಲಿನ ನೀರು ಆಗುವುದಿಲ್ಲ ಅಂದರು. ಹುಟ್ಟಿದಾಗಿನಿಂದ ಅವರು ಮಧುರೆಯ ನೀರು ಕುಡಿದವರೇ ಅಲ್ಲ. ಅತ್ತೆ ಬಿಳಿ ಅಂಗಿ ಒಗೆದು, ಇಸ್ತ್ರಿ ಮಾಡಿ, ಚೀಲದಲ್ಲಿಟ್ಟು, ಚೀಲವನ್ನು ಬಾಗಿಲ ಬಳಿ ಇಟ್ಟಳು. ಹೊರಟಾಗ ಬಸ್ಸಿನವರೆಗೂ ಹೋಗಿ ಹತ್ತಿಸಿ ಬಂದಳು. ಬಂದವಳು ನೇರ ಅಪ್ಪನ ಮುಂದೆ ನಿಂತಳು. ಗಾರೆಯವನು ಆಗಲೇ ಹಿತ್ತಲಲ್ಲಿ ಇಟ್ಟಿಗೆ ಇಳಿಸುತ್ತಿದ್ದ. ಅತ್ತೆಯ ಕೈಯಲ್ಲಿ ಆ ನೂಲಿತ್ತು. ನನ್ನ ಕೈಗೆ ಮತ್ತೆ ತುದಿ ಕೊಟ್ಟು ಮನೆಯ ಗೋಡೆಯ ಬುಡದಲ್ಲಿ ಕೂರಿಸಿ, ಆ ಕಡೆಗೆ ಎಳೆದಳು.

“ಸೋತಿದ್ದು ನಾನು, ಕೊಟ್ಟ ಮಾತಿಗೆ ಇಲ್ಲ ಅನ್ನಲ್ಲ. ಆದ್ರೆ ನೋಡಣ್ಣ, ಕೋರ್ಟಿಗೆ ಬೇಕಾಗಿರೋದೇ ಇಷ್ಟು. ಈ ನೂಲಿಂದಾಚೆ ಒಂದು ಲೂಮು ಕೂರ್ತೈತೆ. ಎಲ್ಡು ಬೇಕೇ ಬೇಕಾ?”

ಅಪ್ಪ ನೂಲಿನಾಚೆಯ ಜಾಗದಲ್ಲಿ ಹೆಜ್ಜೆ ಹಾಕಿ ನೋಡಿದರು, ಬೆನ್ನಿಗೆ ಕೈ ಕೊಟ್ಟು ನಿಂತು ನೋಡಿದರು. ಒಂದೇ ಸಾಕೆನ್ನಲು ಅವರಿಗೆ ಮನಸ್ಸಿಲ್ಲ, ತಂಗಿಗೆ ಆಗುವುದಿಲ್ಲವೆನ್ನಲು ಧೈರ್ಯವಿಲ್ಲ. ಶೆಡ್ ಬಂದರೆ ಆ ತುದಿಯ ಗೂಟ ಕೀಳಬೇಕು, ಆಗ ಉಳಿದ ಕೈಮಗ್ಗಕ್ಕೆ ಪಾವು ಎಲ್ಲಿ ಹಾಸುವುದು ಎಂದು ಕೊನೆಯ ತಕರಾರು ತೆಗೆದರು. ಅದಕ್ಕೆ ಉತ್ತರ ಕೊಟ್ಟವಳು ಅಜ್ಜಿ. ಬೀದಿಯಲ್ಲಿ ಹಾಸುತ್ತೇವೆ, ಊರವರೆಲ್ಲ ಹಾಸುವುದಿಲ್ಲವೇ, ನಾನೇ ಬೆಳಿಗ್ಗೆ ಎದ್ದು ಎಳೆಯುತ್ತೇನೆ ಅಂದು, ಗುದ್ದಲಿ ತಂದು ಅಪ್ಪನ ಕೈಗೆ ಕೊಟ್ಟಳು. ಅಪ್ಪ ಬಗ್ಗಲಾರರು ಎಂದು ಗುದ್ದಲಿ ನನ್ನ ಕೈಗೆ ಬಂತು. ಆ ಗೂಟ ಎಷ್ಟು ಆಳಕ್ಕೆ ಇಳಿದಿತ್ತೆಂದರೆ ಇನ್ನೊಂದು ಮೊಳ ಅಗೆದಿದ್ದರೆ ಕೊಳಾಯಿ ಇಲ್ಲದೆ ಕಾವೇರಿ ಮೇಲೆ ಬರುತ್ತಿದ್ದಳು. ಚೆಂಡು ಹೆಕ್ಕಿ ಹೆಕ್ಕಿ ಸವೆದಿದ್ದ ನನ್ನ ಮಂಡಿಗೆ ಅದೂ ಸೇರಿತು.

ತಾತ ಮಧುರೆಯಿಂದ ಬಂದಾಗ ಶೆಡ್ಡಿನ ಗೋಡೆ ಆಳೆತ್ತರ ಎದ್ದು, ಒಳಹೊರಗೆ ಹಸಿ ಗಾರೆ ಮೆತ್ತಿಯಾಗಿತ್ತು. ಅದರ ಬುಡದಲ್ಲೇ ಹೊಸ ಸುಣ್ಣದ ಗೆರೆ. ಗೆರೆಗೂ ಗೋಡೆಗೂ ನಡುವೆ ಒಬ್ಬರು ನಿಂತು ಬ್ಯಾಟು ಬೀಸುವಷ್ಟೂ ಜಾಗವಿಲ್ಲ. ಇನ್ನು ಆ ತುದಿಯಲ್ಲಿ ಹಿಂದೆ ನಿಂತು ಹೊಡೆಯುವ ಉಪಾಯ ನಡೆಯುವುದಿಲ್ಲ, ಕೈಯನ್ನೇ ತಿದ್ದಿಕೊಳ್ಳಬೇಕು. ತಾತನಿಗೆ ಯಾರೂ ಏನೂ ವಿವರಿಸಲಿಲ್ಲ. ಅವರು ಬಲೆಯಿಂದ ಗೆರೆಯವರೆಗೆ ನಡೆದು ನೋಡಿದರು, ಚಪ್ಪಲಿಯನ್ನು ಗೆರೆಯ ಹೊರಗೆ ಬಿಟ್ಟರು, ಗೋಡೆಗೆ ಅಂಟಿಕೊಂಡು ಕುಕ್ಕರಗಾಲಲ್ಲಿ ಕೂತು ಗೆರೆಯ ಮೇಲೆ ಕಣ್ಣಿಟ್ಟರು. ಅತ್ತೆ ಈ ಕಡೆಯ ಗೆರೆಯೊಳಗೆ ನಿಂತು ಬ್ಯಾಟು ಎತ್ತಿದಳು. ಮೊದಲನೆಯ ಚೆಂಡು ತಾತನ ತಲೆಯ ಮೇಲೆ ಹಸಿ ಗಾರೆಗೆ ಬಡಿದು, ಒಂದು ಗುಂಡನೆಯ ಗುಳಿ ಬಿಟ್ಟು ಕೆಳಗೆ ಬಿತ್ತು. ತಾತ ಔಟ್ ಅಂದರು. ಎರಡನೆಯದಕ್ಕೂ ಔಟ್. ಅಪ್ಪ ಹಿತ್ತಲ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತು ತನ್ನ ಹೊಸ ಗೋಡೆ ತೂತುತೂತಾಗುವುದನ್ನು ನೋಡುತ್ತಿದ್ದರು.

ಆ ಗುಳಿಗಳು ಈಗಲೂ ಇವೆ, ಅಲ್ಲಲ್ಲಿ ಹಳದಿ ಉಣ್ಣೆಯ ಎಳೆ ಅಂಟಿಕೊಂಡಿದೆ. ಎಣಿಸುವಷ್ಟು ತಾಳ್ಮೆ ನನಗಿಲ್ಲ. ಮೂರನೆಯ ದಿನದಿಂದ ಗೋಡೆಯ ಮೇಲೆ ಹೊಸ ಗುರುತು ಬೀಳುವುದು ನಿಂತಿತು. ನೋಡಿದವರು ಅತ್ತೆಯ ಕೈ ಹಿಡಿತಕ್ಕೆ ಬಂತು ಎಂದು ತಿಳಿದರು. ಹಾಗೇನಿಲ್ಲ, ಗಾರೆ ಒಣಗಿತ್ತು ಅಷ್ಟೇ. ಚೆಂಡು ಇನ್ನೂ ಹೋಗಿ ಗೋಡೆಗೇ ಬಡಿಯುತ್ತಿತ್ತು, ನಾನು ಹೆಕ್ಕಿ ಕೊಡುತ್ತಿದ್ದೆ, ಅತ್ತೆ ಮತ್ತೆ ಹೊಡೆಯುತ್ತಿದ್ದಳು.